ಹೈನು ಪ್ರಶ್ನೋತ್ತರ: ಹಸು ತಿಂದ ಮೇವು, ಹಾಲಿಗೆ ಬಂದ ಜಿಡ್ಡು

ಬೇಸಿಗೆಯ ಮೇವಿನ ಕುರಿತು ಹೋದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಲಿನ ಜಿಡ್ಡಿನ ವಿಷಯಕ್ಕೇ ಬಂದು ನಿಂತಿವೆ. ಹೈನುಗಾರರು ಜಿಡ್ಡು ಎಷ್ಟಿರಬೇಕು ಎಂದು ಕೇಳಿದ್ದಾರೆ. ತುಪ್ಪ ಕಾಯಿಸುವವರು ಮತ್ತು ಹಾಲು ಕೊಳ್ಳುವವರು ಆ ಜಿಡ್ಡು ಎಂಥದು ಎಂದು ಕೇಳಿದ್ದಾರೆ. ಎರಡಕ್ಕೂ ಉತ್ತರ ಹುಡುಕಲು ಹಸುವಿನ ಹೊಟ್ಟೆಯೊಳಗೇ ಇಳಿಯಬೇಕಾಗುವುದರಿಂದ ಐದು ಪತ್ರಗಳನ್ನು ಆರಿಸಿ ಈ ಸಲದ ಪುಟಗಳನ್ನು ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮಲ್ಲಿ ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುವಿದೆ. ಕರು ಹಾಕಿ ಮೂರು ತಿಂಗಳಾಗಿದ್ದು, ದಿನಕ್ಕೆ 16 ಲೀಟರ್ ಹಾಲು ಕೊಡುತ್ತಿದೆ. ರಾಗಿ ಹುಲ್ಲಿನ ಬೆಲೆ ಏರಿದ್ದರಿಂದ ಅದನ್ನು ದಿನಕ್ಕೆ ಎರಡೂವರೆ ಕಿಲೋಗೆ ಇಳಿಸಿದೆವು. ಬದಲಿಗೆ 4 ಕಿಲೋ ಮುಸುಕಿನ ಜೋಳದ ನುಚ್ಚು, 4 ಕಿಲೋ ಫೀಡು ಹಾಗೂ ಊರಿನ ರೈಸ್ ಮಿಲ್ಲಿನಿಂದ ತಂದ 2 ಕಿಲೋ ತೌಡು ಕೊಡುತ್ತಿದ್ದೇವೆ. ಸಂಜೆ ಒಂದು ಸಣ್ಣ ಹೊರೆ ಸೀಮೆಹುಲ್ಲನ್ನೂ ಹಾಕುತ್ತೇವೆ. ಹಾಲು ಅರ್ಧ ಲೀಟರ್ ಏರಿತು, ಆದರೆ ಡೇರಿಯಲ್ಲಿ 3.9 ಬರುತ್ತಿದ್ದ ಫ್ಯಾಟ್ 2.8ಕ್ಕೆ ಇಳಿದಿದೆ. ಡಿಗ್ರಿ ಮಾತ್ರ ಕಡಿಮೆಯಾಗಿಲ್ಲ. ನೀರು ಬೆರೆಸಿದವರಂತೆ ನಮ್ಮನ್ನು ನೋಡುತ್ತಾರೆ. ಇಷ್ಟು ಖರ್ಚು ಮಾಡಿ ತಿನ್ನಿಸಿದರೂ ಜಿಡ್ಡು ಇಳಿಯುವುದೇಕೆ?
— ಹೈನುಗಾರರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಮೊದಲು ನೀರಿನ ಅನುಮಾನವನ್ನು ಬದಿಗಿಡೋಣ. ಹಾಲಿಗೆ ನೀರು ಸೇರಿದ್ದರೆ ಜಿಡ್ಡಿನ ಜೊತೆಗೆ, ಎಸ್‌ಎನ್‌ಎಫ್ ಎಂದು ನಾವು ಕರೆಯುವ ಜಿಡ್ಡೇತರ ಘನಾಂಶವೂ ಇಳಿಯಬೇಕು ಮತ್ತು ಲ್ಯಾಕ್ಟೋಮೀಟರಿನ ಡಿಗ್ರಿಯೂ ಬೀಳಬೇಕು. ನಿಮ್ಮ ಹಾಲಿನಲ್ಲಿ ಡಿಗ್ರಿ ನಿಂತಲ್ಲೇ ನಿಂತು ಜಿಡ್ಡೊಂದೇ ಕುಸಿದಿದೆ. ಜಿಡ್ಡು ನೀರಿಗಿಂತ ಹಗುರವಾದ್ದರಿಂದ ಅದು ಕಡಿಮೆಯಾದಾಗ ಡಿಗ್ರಿ ತುಸು ಏರಿದರೂ ಆಶ್ಚರ್ಯವಿಲ್ಲ. ಇದು ಮೇವಿನಿಂದ ಆಗಿರುವ ಬದಲಾವಣೆ ಎನ್ನಲು ಈ ಒಂದು ಗುರುತೇ ಬಹುಮಟ್ಟಿಗೆ ಸಾಕು. ಆದರೂ ಕೊಟ್ಟಿಗೆಯಲ್ಲಿ ಒಂದು ಸಂಗತಿಯನ್ನು ಪರೀಕ್ಷಿಸಿ. ಕೆಚ್ಚಲಿನಿಂದ ಮೊದಲು ಇಳಿಯುವ ಹಾಲಿನಲ್ಲಿ ಜಿಡ್ಡು ನೂರಕ್ಕೆ ಒಂದೆರಡರಷ್ಟು ಮಾತ್ರ ಇರುತ್ತದೆ, ಕೊನೆಗೆ ಹಿಂಡುವ ಹಾಲಿನಲ್ಲಿ ಅದು ಆರೇಳನ್ನೂ ದಾಟಬಹುದು. ಮೊದಲು ಕರೆದುಕೊಂಡು ಕೊನೆಯಲ್ಲಿ ಕರುವನ್ನು ಬಿಡುವ ಪದ್ಧತಿ ನಿಮ್ಮದಾಗಿದ್ದರೆ ಕೆನೆಯೆಲ್ಲ ಕರುವಿನ ಪಾಲಾಗುತ್ತದೆ. ಅದೇ ಪದ್ಧತಿ ಮೊದಲೂ ಇತ್ತೆಂದಾದರೆ ಈಗಿನ ಇಳಿತಕ್ಕೆ ಅದು ಕಾರಣವಲ್ಲ, ಮೇವೇ ಕಾರಣ.

ಹಾಲಿನ ಜಿಡ್ಡು ಕೆಚ್ಚಲಿಗೆ ಎರಡು ದಾರಿಯಲ್ಲಿ ಬರುತ್ತದೆ. ಹೆಚ್ಚುಕಡಿಮೆ ಅರ್ಧದಷ್ಟನ್ನು ಕೆಚ್ಚಲಿನ ಜೀವಕೋಶಗಳೇ ಹೊಸದಾಗಿ ತಯಾರಿಸುತ್ತವೆ. ಉಳಿದರ್ಧವು ಹಸು ತಿಂದ ಕೊಬ್ಬಿನಿಂದಲೋ ಅದರ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದಲೋ ರಕ್ತದ ಮೂಲಕ ಸಿದ್ಧರೂಪದಲ್ಲಿ ಬರುತ್ತದೆ. ಕೆಚ್ಚಲು ತಾನೇ ತಯಾರಿಸುವ ಜಿಡ್ಡಿಗೆ ಕಚ್ಚಾವಸ್ತು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿಗೆ ಕಾರಣವಾದ ಆಮ್ಲವೇ. ರೂಮೆನ್ ಎಂಬ ಮೆಲುಕುಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸಿದಾಗ ಈ ಆಮ್ಲ ಹೇರಳವಾಗಿ ಹುಟ್ಟುತ್ತದೆ. ಜೋಳದಂಥ ಪಿಷ್ಟವನ್ನು ಅವು ಹುದುಗಿಸಿದಾಗ ಪ್ರೊಪಿಯೋನಿಕ್ ಆಮ್ಲ ಹೆಚ್ಚಾಗುತ್ತದೆ. ಹಸುವಿನ ಪಿತ್ತಜನಕಾಂಗ ಇದರಿಂದ ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಗ್ಲೂಕೋಸಿನಿಂದ ಹಾಲಿನ ಸಕ್ಕರೆಯೂ, ಸಕ್ಕರೆ ಹೆಚ್ಚಿದಷ್ಟೂ ಹಾಲಿನ ಪ್ರಮಾಣವೂ ಹೆಚ್ಚುತ್ತದೆ. ನಿಮಗೆ ಅರ್ಧ ಲೀಟರ್ ಹೆಚ್ಚು ಹಾಲು ಸಿಕ್ಕಿದ್ದು ಹೀಗೆ.

ಹುಲ್ಲು ಕಡಿಮೆಯಾಗಿ ಅಸಿಟಿಕ್ ಆಮ್ಲಕ್ಕೆ ಬರ ಬಂದದ್ದರಿಂದಲೇ ಜಿಡ್ಡು ಇಳಿಯಿತು ಎಂಬ ವಿವರಣೆಯನ್ನು ಬಹುಕಾಲ ನಾವೆಲ್ಲ ಪಾಠದಲ್ಲಿ ಹೇಳಿಕೊಂಡು ಬಂದೆವು. ಅದು ಅರ್ಧ ಮಾತ್ರ ನಿಜ. ಹಿಂಡಿ ಹೆಚ್ಚಿದಾಗ ಅಸಿಟಿಕ್ ಆಮ್ಲ ನಾವೆಣಿಸಿದಷ್ಟು ಕಡಿಮೆಯಾಗುವುದಿಲ್ಲ; ಪ್ರೊಪಿಯೋನಿಕ್ ಆಮ್ಲ ಏರುವುದರಿಂದ ಎರಡರ ಅನುಪಾತ ತಲೆಕೆಳಗಾದಂತೆ ಕಾಣುತ್ತದೆ, ಅಷ್ಟೆ. ಜಿಡ್ಡು ಇಷ್ಟು ಥಟ್ಟನೆ ಬೀಳಲು ಇನ್ನೊಂದು ಕಾರಣವಿದೆ. ಮೇವಿನಲ್ಲಿರುವ ಎಣ್ಣೆಯಂಥ ಅನ್‌ಸ್ಯಾಚುರೇಟೆಡ್ ಕೊಬ್ಬಿನ ಆಮ್ಲಗಳು ರೂಮೆನ್ನಿನ ಸೂಕ್ಷ್ಮಜೀವಿಗಳಿಗೆ ವಿಷವಿದ್ದಂತೆ. ಆದ್ದರಿಂದ ಅವು ಹೈಡ್ರೋಜನ್ ಸೇರಿಸುತ್ತ ಹಂತಹಂತವಾಗಿ ಆ ಎಣ್ಣೆಯನ್ನು ಗಟ್ಟಿ ಕೊಬ್ಬಾಗಿ ಬದಲಾಯಿಸುತ್ತವೆ. ವನಸ್ಪತಿ ಕಾರ್ಖಾನೆಯಲ್ಲಿ ನಡೆಯುವ ಕೆಲಸವೇ ಇಲ್ಲಿ ಸದ್ದಿಲ್ಲದೆ ನಡೆಯುತ್ತದೆ ಎನ್ನಬಹುದು. ರೂಮೆನ್ ಆರೋಗ್ಯವಾಗಿದ್ದಾಗ ಈ ಕೆಲಸ ಒಂದು ದಾರಿಯಲ್ಲಿ ಸಾಗುತ್ತದೆ. ಪಿಷ್ಟ ಹೆಚ್ಚಾಗಿ ರೂಮೆನ್ ಹುಳಿಯಾದಾಗ ಅಲ್ಲಿನ ಜೀವಿಗಳ ಸಂಸಾರವೇ ಬದಲಾಗಿ ಕೆಲಸ ಬೇರೆ ದಾರಿ ಹಿಡಿಯುತ್ತದೆ. ಆ ಅಡ್ಡದಾರಿಯಲ್ಲಿ ಹುಟ್ಟುವ ಟ್ರಾನ್ಸ್-10, ಸಿಸ್-12 ಸಿಎಲ್‌ಎ ಎಂಬ ಕೊಬ್ಬಿನ ಆಮ್ಲ ರಕ್ತದ ಮೂಲಕ ಕೆಚ್ಚಲನ್ನು ಸೇರಿ, ಜಿಡ್ಡು ತಯಾರಿಸುವ ಜೀನ್‌ಗಳ ಕೆಲಸವನ್ನೇ ತಗ್ಗಿಸುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೇಲ್ ಬಾಮನ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಆಮ್ಲವನ್ನು ದಿನಕ್ಕೆ 10 ಗ್ರಾಮಿನಂತೆ ನಾಲ್ಕು ದಿನ ನೇರವಾಗಿ ಹಸುವಿನ ನಾಲ್ಕನೇ ಹೊಟ್ಟೆಗೆ ಹರಿಸಿದಾಗ ಹಾಲಿನ ಜಿಡ್ಡು ನೂರಕ್ಕೆ 40ಕ್ಕೂ ಹೆಚ್ಚು ಕುಸಿಯಿತು. ಅದರ ಸೋದರನಂತಿರುವ ಇನ್ನೊಂದು ಸಿಎಲ್‌ಎಯನ್ನು ಅಷ್ಟೇ ಪ್ರಮಾಣದಲ್ಲಿ ಕೊಟ್ಟಾಗ ಏನೂ ಆಗಲಿಲ್ಲ. ಹತ್ತು ಗ್ರಾಂ ಎಂದರೆ ಎರಡು ಚಮಚ ಎಣ್ಣೆಯಷ್ಟೆ, ಹಸುವಾದರೋ ಐದು ಕ್ವಿಂಟಲ್ ತೂಗುವ ಪ್ರಾಣಿ.

ನಿಮ್ಮ ಕೊಟ್ಟಿಗೆಯಲ್ಲಿ ಈ ಅಡ್ಡದಾರಿಗೆ ಬೇಕಾದ ಎರಡೂ ಒಟ್ಟಿಗೆ ಸೇರಿವೆ. ನೀವು ಬರೆದ ಲೆಕ್ಕದಲ್ಲಿ ಹಸು ತಿನ್ನುವ ಒಣಪದಾರ್ಥದ ಮೂರರಲ್ಲಿ ಎರಡು ಪಾಲಿಗೂ ಮೀರಿ ಹಿಂಡಿ-ನುಚ್ಚು-ತೌಡುಗಳೇ ಆಗಿವೆ. ಹುಲ್ಲು ಕಡಿಮೆಯಾದಾಗ ಮೆಲುಕು ಹಾಕುವುದು ಕಡಿಮೆಯಾಗುತ್ತದೆ, ಮೆಲುಕು ಕಡಿಮೆಯಾದಾಗ ಜೊಲ್ಲು ಕಡಿಮೆಯಾಗುತ್ತದೆ. ದೊಡ್ಡ ಹಸು ದಿನಕ್ಕೆ ನೂರು ಲೀಟರಿಗೂ ಹೆಚ್ಚು ಸುರಿಸುವ ಜೊಲ್ಲಿನಲ್ಲಿರುವ ಸೋಡಾವೇ ರೂಮೆನ್ನಿನ ಹುಳಿಯನ್ನು ಹದದಲ್ಲಿಡುವುದು. ಇನ್ನು ಮಿಲ್ಲಿನಿಂದ ನೇರವಾಗಿ ತಂದ ತೌಡಿನಲ್ಲಿ ನೂರಕ್ಕೆ 15ರಷ್ಟು ಎಣ್ಣೆ ಇರುತ್ತದೆ, ಆ ಎಣ್ಣೆಯಲ್ಲಿ ಮೇಲೆ ಹೇಳಿದ ಅನ್‌ಸ್ಯಾಚುರೇಟೆಡ್ ಜಾತಿಯ ಲಿನೋಲಿಕ್ ಆಮ್ಲ ಸಮೃದ್ಧವಾಗಿದೆ. ಎರಡು ಕಿಲೋ ತೌಡೆಂದರೆ ದಿನಕ್ಕೆ 300 ಗ್ರಾಂ ಎಣ್ಣೆ ಕುಡಿಸಿದಂತೆ. ನಿಮ್ಮ ಭಾಗದಲ್ಲಿ ತೌಡು ಅಗ್ಗವೆಂಬುದು ನನಗೆ ಗೊತ್ತು, ಅದು ಕೆಟ್ಟ ಮೇವೂ ಅಲ್ಲ. ಹುಲ್ಲಿಲ್ಲದ ಹೊಟ್ಟೆಗೆ ಹುಳಿಯ ಜೊತೆ ಅದನ್ನು ಸುರಿದದ್ದು ತಪ್ಪಾಯಿತು.

ಈಗ ಮಾಡಬೇಕಾದದ್ದು ಇಷ್ಟು. ತೌಡನ್ನು ಅರ್ಧ ಕಿಲೋಗೆ ಇಳಿಸಿ, ಇಲ್ಲವೇ ಎಣ್ಣೆ ತೆಗೆದ ತೌಡನ್ನು ತನ್ನಿ. ಜೋಳದ ನುಚ್ಚನ್ನು ಎರಡು ಕಿಲೋ ಮೀರಿಸಬೇಡಿ ಮತ್ತು ಹಿಟ್ಟಿನಂತೆ ನುಣ್ಣಗೆ ಬೀಸಿಸಬೇಡಿ. ಕರೆಯುವ ಎರಡು ಹೊತ್ತಿನಲ್ಲಿ ಎಲ್ಲವನ್ನೂ ಒಮ್ಮೆಲೇ ಇಡುವ ಬದಲು ಮೂರು ನಾಲ್ಕು ಸಲಕ್ಕೆ ಹಂಚಿ, ಪ್ರತಿ ಸಲವೂ ಮೊದಲು ಹುಲ್ಲು, ಆಮೇಲೆ ಹಿಂಡಿ ಎಂಬ ಕ್ರಮವಿರಲಿ. ರಾಗಿ ಹುಲ್ಲು ಐದಾರು ಕಿಲೋಗೆ ಮರಳಲೇಬೇಕು. ಅದು ಸಿಗದಿದ್ದರೆ ಜೋಳದ ಸಪ್ಪೆಯೋ ಭತ್ತದ ಹುಲ್ಲೋ ಆಗಬಹುದು, ಆದರೆ ಕತ್ತರಿಸುವ ಯಂತ್ರಕ್ಕೆ ಕೊಟ್ಟು ಪುಡಿಪುಡಿ ಮಾಡಬೇಡಿ. ತುಂಡು ಎರಡು ಬೆರಳಗಲಕ್ಕಿಂತ ಚಿಕ್ಕದಾದರೆ ಮೆಲುಕಿಗೆ ಅದರಿಂದ ಪ್ರಯೋಜನವಿಲ್ಲ. ಅಡುಗೆ ಸೋಡಾವನ್ನು ಎಷ್ಟು ಕೊಡಬೇಕೆಂಬುದನ್ನು ನಿಮ್ಮ ಪಶುವೈದ್ಯರು ಹಸುವನ್ನು ನೋಡಿ ಹೇಳಲಿ. ನಾಳೆಯೇ ಫ್ಯಾಟ್ ಏರಲಿಲ್ಲವೆಂದು ಎದೆಗುಂದಬೇಡಿ. ಇಳಿಯಲು ಒಂದು ವಾರ ಸಾಕಾದರೂ ಏರಲು ಎರಡು ಮೂರು ವಾರ ಬೇಕಾಗುತ್ತದೆ.

ಪ್ರಶ್ನೆ: ಶಿರಸಿಯ ತವರಿನಿಂದ ಬರುವ ತುಪ್ಪ ದೀಪಾವಳಿಯ ಹೊತ್ತಿಗೆ ಅರಿಸಿನ ಬೆರೆಸಿದಂತೆ ಹಳದಿಯಾಗಿರುತ್ತದೆ. ಅದೇ ಹಸುವಿನ ತುಪ್ಪ ಏಪ್ರಿಲ್‌ನಲ್ಲಿ ಬಿಳಿಚಿಕೊಂಡಿರುತ್ತದೆ. ಏನಾದರೂ ಕಲಬೆರಕೆ ಇದ್ದೀತೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ತವರಿನವರ ಮೇಲೆ ಅನುಮಾನ ಬೇಡ. ಆ ಹಳದಿ ಬೀಟಾ ಕ್ಯಾರೋಟೀನಿನ ಬಣ್ಣ. ಹಸಿ ಹುಲ್ಲಿನಲ್ಲಿ ಅದು ಹಸಿರಿನ ಮರೆಯಲ್ಲಿ ಅಡಗಿರುತ್ತದೆ; ಜಿಡ್ಡಿನಲ್ಲಿ ಕರಗುವ ವಸ್ತುವಾದ್ದರಿಂದ ಹಸುವಿನ ಹೊಟ್ಟೆ ಸೇರಿದ ಮೇಲೆ ಕೆನೆಯಲ್ಲಿ ಬಂದು ಕೂರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬೆಟ್ಟ-ಬ್ಯಾಣಗಳಲ್ಲಿ ಹಸಿರು ತುಂಬಿರುತ್ತದೆ. ಏಪ್ರಿಲ್‌ನಲ್ಲಿ ಅದೇ ಹಸು ಒಣಹುಲ್ಲು ತಿನ್ನುತ್ತಿರುತ್ತದೆ, ಬಿಸಿಲಿನಲ್ಲಿ ಒಣಗಿಸಿದ ಹುಲ್ಲಿನಲ್ಲಿ ಕ್ಯಾರೋಟೀನ್ ಬಹುಪಾಲು ನಾಶವಾಗಿರುತ್ತದೆ. ಎಮ್ಮೆ ಎಷ್ಟೇ ಹಸಿರು ತಿಂದರೂ ಅದರ ತುಪ್ಪ ಬೆಳ್ಳಗಿರುವುದು, ಅದು ಕ್ಯಾರೋಟೀನನ್ನೆಲ್ಲ ಬಣ್ಣವಿಲ್ಲದ ಎ ವಿಟಮಿನ್ನಾಗಿ ಬದಲಾಯಿಸಿಬಿಡುವುದರಿಂದ. ಆದ್ದರಿಂದ ಬಣ್ಣವನ್ನು ಮೇವಿನ ಪಂಚಾಂಗವೆಂದು ಓದಬಹುದು, ಶುದ್ಧತೆಯ ಪ್ರಮಾಣಪತ್ರವೆಂದು ಓದಬಾರದು.

ಪ್ರಶ್ನೆ: ನಾವು ಹನ್ನೆರಡು ಮಹಿಳೆಯರ ಸ್ವಸಹಾಯ ಸಂಘದವರು. ನಮ್ಮ ಮನೆಗಳ ಆಕಳು, ಎಮ್ಮೆಗಳ ಹಾಲಿನಿಂದಲೇ ಬೆಣ್ಣೆ ತೆಗೆದು ತುಪ್ಪ ಕಾಯಿಸಿ ಮಾರುತ್ತೇವೆ. ತುಪ್ಪ ದೊಡ್ಡ ದೊಡ್ಡ ಹರಳುಗಟ್ಟಿ, ನೋಡಲು ಬಹಳ ಚೆನ್ನಾಗಿರುತ್ತದೆ. ಆದರೆ ಒಬ್ಬ ದೊಡ್ಡ ಗಿರಾಕಿ ಪ್ರಯೋಗಾಲಯವೊಂದರಲ್ಲಿ ಪರೀಕ್ಷೆ ಮಾಡಿಸಿ, ‘ಆರ್‌ಎಂ ಮೌಲ್ಯ ಕಡಿಮೆ ಇದೆ, ಬೇರೆ ಎಣ್ಣೆ ಸೇರಿದೆ’ ಎಂದು ಸರಕು ತಿರುಗಿಸಿದ್ದಾರೆ. ದನಗಳಿಗೆ ನಾವು ಜೋಳದ ಕಣಿಕಿ ಮತ್ತು ಹತ್ತಿಕಾಳು ಹಾಕುತ್ತೇವೆ. ದೇವರಾಣೆಗೂ ನಾವು ಏನನ್ನೂ ಬೆರೆಸಿಲ್ಲ.
— ಸಂಘದ ಸದಸ್ಯೆಯೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ಹತ್ತಿಕಾಳಿನ ಹೆಸರು ಬಂದ ಕೂಡಲೇ ನನಗೆ ಅರ್ಧ ಉತ್ತರ ಸಿಕ್ಕಿತು. ಆರ್‌ಎಂ ಎಂದರೆ ರೈಖರ್ಟ್-ಮೈಸ್ಲ್, ಈ ಪರೀಕ್ಷೆಯನ್ನು ರೂಪಿಸಿದ ಇಬ್ಬರು ರಸಾಯನಶಾಸ್ತ್ರಜ್ಞರ ಹೆಸರುಗಳು. ಐದು ಗ್ರಾಂ ತುಪ್ಪವನ್ನು ಒಡೆದು ಬಟ್ಟಿಯಿಳಿಸಿದಾಗ, ಆವಿಯಾಗಿ ಬಂದು ನೀರಿನಲ್ಲಿ ಕರಗುವ ಸಣ್ಣ ಕೊಬ್ಬಿನ ಆಮ್ಲಗಳು ಎಷ್ಟಿವೆ ಎಂಬುದನ್ನು ಕ್ಷಾರದಿಂದ ಅಳೆಯುವ ಸಂಖ್ಯೆ ಅದು. ವಿದ್ಯಾರ್ಥಿಯಾಗಿದ್ದಾಗ ಈ ಪರೀಕ್ಷೆ ಮಾಡಿದ ದಿನ ಮನೆಗೆ ಹೋದರೆ ಅಂಗಿಯಿಂದ ಬರುವ ವಾಸನೆಗೆ ಯಾರೂ ಹತ್ತಿರ ಸೇರಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿ ಮುಖ್ಯವಾಗಿ ಸಿಗುವುದು ಬ್ಯುಟಿರಿಕ್ ಆಮ್ಲ, ಕೆಟ್ಟ ಬೆಣ್ಣೆಯ ಘಾಟು ಅದರದ್ದೇ. ಮೆಲುಕು ಹಾಕುವ ಪ್ರಾಣಿಗಳ ಹಾಲಿನ ಜಿಡ್ಡಿನಲ್ಲಿ ಈ ಆಮ್ಲ ನೂರಕ್ಕೆ ಮೂರು ನಾಲ್ಕರಷ್ಟಿರುತ್ತದೆ, ಅಡುಗೆ ಎಣ್ಣೆಗಳಲ್ಲಿ ಇರುವುದಿಲ್ಲ. ಆದ್ದರಿಂದ ತುಪ್ಪಕ್ಕೆ ಎಣ್ಣೆಯನ್ನೋ ವನಸ್ಪತಿಯನ್ನೋ ಬೆರೆಸಿದರೆ ಆರ್‌ಎಂ ಇಳಿಯುತ್ತದೆ ಎಂಬ ತರ್ಕ ಸರಿಯಾದದ್ದೇ. ಆದರೆ ಆರ್‌ಎಂ ಇಳಿದಿದ್ದರೆ ಎಣ್ಣೆ ಬೆರೆಸಿಯೇ ಇದ್ದಾರೆ ಎಂಬ ತೀರ್ಮಾನ ಆ ತರ್ಕದಿಂದ ಹೊರಡುವುದಿಲ್ಲ.

ಮೇಲಿನ ಉತ್ತರದಲ್ಲಿ ಹೇಳಿದ ಎರಡು ದಾರಿಗಳನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಬ್ಯುಟಿರಿಕ್‌ನಂಥ ಸಣ್ಣ ಆಮ್ಲಗಳನ್ನು ಕೆಚ್ಚಲು ತಾನೇ ತಯಾರಿಸುತ್ತದೆ. ಉದ್ದದ ಆಮ್ಲಗಳು ರಕ್ತದಿಂದ ಬರುತ್ತವೆ. ಇಡೀ ಹತ್ತಿಕಾಳಿನಲ್ಲಿ ಸುಮಾರು ಐದನೇ ಒಂದು ಭಾಗ ಎಣ್ಣೆಯೇ ಇದೆ. ಕಾಳಿನ ನಾರು ಮತ್ತು ಸಿಪ್ಪೆಯೊಳಗೆ ಅವಿತು ಅದು ನಿಧಾನವಾಗಿ ಬಿಡುಗಡೆಯಾಗುವುದರಿಂದ ತೌಡಿನ ಎಣ್ಣೆಯಂತೆ ರೂಮೆನ್ನನ್ನು ಅಷ್ಟಾಗಿ ಕೆಡಿಸುವುದಿಲ್ಲ, ಜಿಡ್ಡಿನ ಪ್ರಮಾಣವನ್ನೂ ಇಳಿಸುವುದಿಲ್ಲ. ಉತ್ತರ ಕರ್ನಾಟಕದ ಹಿರಿಯರು ಹತ್ತಿಕಾಳು ಹಾಕಿದರೆ ಬೆಣ್ಣೆ ಹೆಚ್ಚು ಬರುತ್ತದೆ ಎನ್ನುವುದರಲ್ಲಿ ಹುರುಳಿದೆ. ಆದರೆ ಉದ್ದದ ಆಮ್ಲಗಳು ರಕ್ತದಲ್ಲಿ ಹೆಚ್ಚಾಗಿ ಬಂದಾಗ ಸಣ್ಣ ಆಮ್ಲಗಳ ಪಾಲು ತನ್ನಿಂದ ತಾನೇ ಕುಗ್ಗುತ್ತದೆ. ಹತ್ತಿ ಎಣ್ಣೆಯಲ್ಲಿ ಇನ್ನೊಂದು ವಿಶೇಷವೂ ಇದೆ. ಗಟ್ಟಿಯಾದ ಸ್ಟಿಯರಿಕ್ ಆಮ್ಲವನ್ನು ಮೆತ್ತನೆಯ ಓಲಿಯಿಕ್ ಆಮ್ಲವಾಗಿ ಬದಲಾಯಿಸುವ ಕಿಣ್ವವೊಂದು ಕೆಚ್ಚಲಿನಲ್ಲಿದೆ; ಹತ್ತಿ ಎಣ್ಣೆಯ ಸೈಕ್ಲೋಪ್ರೊಪೀನ್ ಜಾತಿಯ ಆಮ್ಲಗಳು ಆ ಕಿಣ್ವದ ಕೈ ಕಟ್ಟಿಹಾಕುತ್ತವೆ. ಸ್ಟಿಯರಿಕ್ ಆಮ್ಲ ಸ್ಟಿಯರಿಕ್ ಆಗಿಯೇ ಉಳಿಯುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ತುಪ್ಪ ದಪ್ಪ ಹರಳುಗಟ್ಟುತ್ತದೆ. ಗಿರಾಕಿ ಮೆಚ್ಚುವ ಹರಳೂ ಪ್ರಯೋಗಾಲಯ ಶಂಕಿಸುವ ಸಂಖ್ಯೆಯೂ ನಿಮ್ಮ ದನಗಳ ಒಂದೇ ಬುಟ್ಟಿ ಹತ್ತಿಕಾಳಿನಿಂದ ಬಂದಿವೆ. ಹತ್ತಿ ಎಣ್ಣೆಯ ಕಲಬೆರಕೆಯನ್ನು ಹಿಡಿಯುವ ಹಾಲ್ಫೆನ್ ಪರೀಕ್ಷೆ ಮಾಡಿದರೆ ಇಂಥ ಅಪ್ಪಟ ತುಪ್ಪವೂ ಕೆಂಪು ಬಣ್ಣ ತೋರಿಸಬಹುದು, ಅದಕ್ಕೂ ಸಿದ್ಧರಾಗಿರಿ.

ಇದು ನಿಮ್ಮೊಬ್ಬರ ಪಾಡಲ್ಲ. ಹತ್ತಿಕಾಳನ್ನು ವ್ಯಾಪಕವಾಗಿ ತಿನ್ನಿಸುವ ಪ್ರದೇಶಗಳ ತುಪ್ಪ ಬೇರೆ ಲಕ್ಷಣದ್ದು ಎಂಬುದನ್ನು ಸರ್ಕಾರಿ ಮಾನದಂಡಗಳು ಬಹಳ ಹಿಂದೆಯೇ ಒಪ್ಪಿಕೊಂಡಿವೆ. ಕೃಷಿ ಉತ್ಪನ್ನಗಳ ಸರ್ಕಾರಿ ಗುಣಮಟ್ಟದ ಮುದ್ರೆಯಾದ ಅಗ್‌ಮಾರ್ಕ್‌ನ ನಿಯಮಗಳಲ್ಲಿ ಉಳಿದ ಪ್ರದೇಶಗಳ ತುಪ್ಪಕ್ಕೆ ಆರ್‌ಎಂ ಕನಿಷ್ಠ 28 ಇರಬೇಕೆಂದಿದ್ದರೆ, ಹತ್ತಿ ಸೀಮೆಯ ತುಪ್ಪಕ್ಕೆ ಚಳಿಗಾಲದಲ್ಲಿ 23, ಬೇಸಿಗೆಯಲ್ಲಿ 21 ಇದ್ದರೂ ಸಾಕೆಂದು ಪ್ರತ್ಯೇಕ ದರ್ಜೆ ಮಾಡಿದ್ದಾರೆ. ಆದರೆ ಆ ವಿನಾಯಿತಿ ಅಧಿಸೂಚಿತ ಪ್ರದೇಶಗಳಿಗೆ ಮಾತ್ರ. ಕಾಳು ತಿಂದದ್ದು ನಿಮ್ಮ ದನವೆಂಬ ಕಾರಣಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ನಿಮ್ಮ ಗಿರಾಕಿಯೊಡನೆ ಜಗಳ ಬೇಡ, ಇನ್ನೊಂದು ಪರೀಕ್ಷೆಯನ್ನು ಕೇಳಿ. ಸಸ್ಯದ ಎಣ್ಣೆಗಳಲ್ಲಿ ಬೀಟಾ ಸಿಟೊಸ್ಟೆರಾಲ್ ಎಂಬ ವಸ್ತುವಿರುತ್ತದೆ. ಹಾಲಿನ ಜಿಡ್ಡಿನಲ್ಲಿರುವುದು ಕೊಲೆಸ್ಟರಾಲ್. ಹಸು ಹತ್ತಿಕಾಳನ್ನು ಎಷ್ಟೇ ತಿಂದರೂ ಸಸ್ಯದ ಆ ಸ್ಟೆರಾಲ್ ಗಮನಾರ್ಹ ಪ್ರಮಾಣದಲ್ಲಿ ಹಾಲಿಗೆ ದಾಟಿಬರುವುದಿಲ್ಲ, ಎಣ್ಣೆಯನ್ನು ಪಾತ್ರೆಯಲ್ಲಿ ಬೆರೆಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ಮೇವಿನ ಪ್ರಭಾವವನ್ನೂ ಕೈಯ ಕಲಬೆರಕೆಯನ್ನೂ ಬೇರ್ಪಡಿಸಲು ಈ ಪರೀಕ್ಷೆ ಆರ್‌ಎಂಗಿಂತ ಮೇಲು. ಅದರ ಜೊತೆಗೆ, ಹತ್ತಿಕಾಳನ್ನು ಒಂದು ದನಕ್ಕೆ ದಿನಕ್ಕೆ ಒಂದು ಕಿಲೋ ಒಳಗೆ ಇಟ್ಟು, ಉಳಿದದ್ದಕ್ಕೆ ಶೇಂಗಾ ಹಿಂಡಿ ಮತ್ತು ಸಾಧ್ಯವಿದ್ದಷ್ಟು ಹಸಿ ಮೇವು ಕೊಟ್ಟು ನೋಡಿ. ಗಬ್ಬದ ಕೊನೆಯ ತಿಂಗಳುಗಳಲ್ಲಿರುವ ದನದ ಬೆಣ್ಣೆಯಲ್ಲಿಯೂ ಸಣ್ಣ ಆಮ್ಲಗಳು ಕಡಿಮೆ ಇರುವುದರಿಂದ ಅದನ್ನೊಂದೇ ಕಾಯಿಸದೆ, ಹೊಸದಾಗಿ ಈದ ದನಗಳ ಬೆಣ್ಣೆಯ ಜೊತೆ ಕೂಡಿಸಿ ಕಾಯಿಸಿರಿ.

ಪ್ರಶ್ನೆ: ‘ಹುಲ್ಲು ಮೇಯ್ದ ಹಸುವಿನ ಒಮೆಗಾ-3 ಹಾಲು’ ಎಂದು ಸಾಮಾನ್ಯ ಹಾಲಿನ ಎರಡರಷ್ಟು ಬೆಲೆಗೆ ಮನೆ ಬಾಗಿಲಿಗೆ ತಂದುಕೊಡುತ್ತಿದ್ದಾರೆ. ನಮ್ಮ ಯಜಮಾನರಿಗೆ ಹೃದಯದ ತೊಂದರೆ ಇದೆ. ಕೊಳ್ಳಬಹುದೇ? ಎ2 ತುಪ್ಪವನ್ನೂ ಅವರೇ ಮಾರುತ್ತಾರೆ.
— ಗೃಹಿಣಿಯೊಬ್ಬರು, ಮೈಸೂರು

ಉತ್ತರ: ಅವರು ಹೇಳುವುದರಲ್ಲಿ ಸುಳ್ಳಿಲ್ಲ, ಆದರೆ ಪ್ರಮಾಣವನ್ನು ಹೇಳುತ್ತಿಲ್ಲ. ಹಸಿ ಹುಲ್ಲಿನಲ್ಲಿರುವ ಅಲ್ಪ ಕೊಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಫಾ ಲಿನೋಲೆನಿಕ್ ಆಮ್ಲವೇ, ಅಂದರೆ ಸಸ್ಯಮೂಲದ ಒಮೆಗಾ-3. ಅದರ ನೂರಕ್ಕೆ 85ಕ್ಕೂ ಹೆಚ್ಚು ಭಾಗವನ್ನು ರೂಮೆನ್ನಿನ ಸೂಕ್ಷ್ಮಜೀವಿಗಳು ಗಟ್ಟಿ ಕೊಬ್ಬಾಗಿಸಿಬಿಡುತ್ತವೆ. ಆದ್ದರಿಂದಲೇ ಹಸು ಏನೇ ತಿಂದರೂ ಹಾಲಿನ ಜಿಡ್ಡಿನಲ್ಲಿ ಸುಮಾರು ಮೂರನೇ ಎರಡು ಭಾಗ ಸ್ಯಾಚುರೇಟೆಡ್ ಆಗಿಯೇ ಇರುತ್ತದೆ. ಹಿಂಡಿ ಮತ್ತು ಒಣಹುಲ್ಲಿನ ಮೇಲಿರುವ ಹಸುವಿನ ಜಿಡ್ಡಿನಲ್ಲಿ ಈ ಒಮೆಗಾ-3 ನೂರಕ್ಕೆ ಅರ್ಧದಷ್ಟಿದ್ದರೆ, ಹಸಿರು ಮೇಯುವ ಹಸುವಿನದರಲ್ಲಿ ಒಂದರ ಆಸುಪಾಸಿಗೆ ಏರುತ್ತದೆ. ದುಪ್ಪಟ್ಟು ಎಂಬ ಮಾತು ನಿಜ. ಈಗ ಲೋಟದ ಲೆಕ್ಕ ನೋಡಿ. ಜಿಡ್ಡು 3 ಇರುವ ಟೋನ್ಡ್ ಹಾಲಿನ 200 ಮಿಲಿಲೀಟರ್ ಲೋಟದಲ್ಲಿ ಜಿಡ್ಡು ಆರು ಗ್ರಾಂ; ಅದರಲ್ಲಿ ಒಮೆಗಾ-3 ಒಂದು ಕಡೆ 30 ಮಿಲಿಗ್ರಾಂ, ಇನ್ನೊಂದು ಕಡೆ 60 ಮಿಲಿಗ್ರಾಂ. ಒಂದು ಚಹಾ ಚಮಚ ಅಗಸೆ ಪುಡಿಯಲ್ಲಿ ಅದು ಸುಮಾರು 600 ಮಿಲಿಗ್ರಾಂ ಇದೆ. ನೀವು ಹೆಚ್ಚು ಬೆಲೆ ಕೊಟ್ಟು ಇಪ್ಪತ್ತು ಲೋಟ ಹಾಲಿನಲ್ಲಿ ಪಡೆಯುವ ಹೆಚ್ಚುವರಿಯನ್ನು ರೊಟ್ಟಿಯ ಜೊತೆಗಿನ ಅಗಸಿ ಚಟ್ನಿ ಪುಡಿ ಒಂದೇ ಊಟದಲ್ಲಿ ಕೊಟ್ಟುಬಿಡುತ್ತದೆ. ಹಾಗಾದರೆ ಅಗಸೆಯನ್ನು ಹಸುವಿಗೇ ತಿನ್ನಿಸಿದರೆ ಆಗದೇ ಎಂದು ಕೇಳಬಹುದು. ತಿನ್ನಿಸಿ ನೋಡಿದ್ದಾರೆ, ಹಾಲಿನಲ್ಲಿ ಸ್ವಲ್ಪ ಏರುತ್ತದೆ. ಆದರೆ ಬಹುಪಾಲು ರೂಮೆನ್ನಿಗೆ ಸುಂಕವಾಗಿ ಸಂದಾಯವಾಗುತ್ತದೆ.

ಈ ಸುಂಕವನ್ನು ತಪ್ಪಿಸಲು 1970ರ ಸುಮಾರಿಗೆ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು ಎಣ್ಣೆಯ ಹನಿಗಳಿಗೆ ಹಾಲಿನ ಪ್ರೋಟೀನಿನ ಕವಚ ತೊಡಿಸಿ, ಅದನ್ನು ಫಾರ್ಮಾಲ್ಡಿಹೈಡಿನಿಂದ ಗಟ್ಟಿಗೊಳಿಸಿ ಹಸುವಿಗೆ ಕೊಟ್ಟರು. ಕವಚ ರೂಮೆನ್ನಿನಲ್ಲಿ ಉಳಿದು ನಾಲ್ಕನೇ ಹೊಟ್ಟೆಯ ಆಮ್ಲದಲ್ಲಿ ಬಿಚ್ಚಿಕೊಂಡಿತು. ಎಣ್ಣೆಯಂಥ ಆಮ್ಲಗಳು ಹೇರಳವಾಗಿರುವ ಹಾಲು ನಿಜವಾಗಿಯೂ ಬಂತು. ಅದರ ಬೆಣ್ಣೆ ತೀರಾ ಮೆತ್ತಗಾಗಿ, ಹಾಲು ಬೇಗ ಗಾಳಿಯೊಡನೆ ವರ್ತಿಸಿ ವಾಸನೆ ಹಿಡಿಯತೊಡಗಿತು. ಹಾಲಿನ ಜಿಡ್ಡು ಗಟ್ಟಿಯಾಗಿರುವುದರಿಂದಲೇ ನಮ್ಮ ತುಪ್ಪ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ ಎಂಬುದನ್ನು ಮರೆಯಬಾರದು.

ಹಸಿರು ಮೇಯ್ದ ಹಸುವಿನ ಜಿಡ್ಡಿನಲ್ಲಿ ಏರುವ ಇನ್ನೊಂದು ವಸ್ತು ರುಮೆನಿಕ್ ಆಮ್ಲ, ಮದ್ದೂರಿನವರಿಗೆ ಬರೆದ ಉತ್ತರದಲ್ಲಿ ‘ಸೋದರ’ ಎಂದದ್ದು ಇದನ್ನೇ. ಪ್ರಯೋಗಾಲಯದ ಇಲಿಗಳಲ್ಲಿ ಇದು ಒಳ್ಳೆಯ ಪರಿಣಾಮ ತೋರಿಸಿದೆ. ಹಾಲಿನಿಂದ ಸಿಗುವಷ್ಟು ಪ್ರಮಾಣದಲ್ಲಿ ಅದು ಮನುಷ್ಯರ ಹೃದಯವನ್ನು ಕಾಪಾಡುತ್ತದೆ ಎಂಬುದು ಸಾಬೀತಾಗಿಲ್ಲ. ಯಜಮಾನರ ವಿಷಯದಲ್ಲಿ ಯಾವ ಹಸುವಿನ ಹಾಲು ಎಂಬುದಕ್ಕಿಂತ ದಿನಕ್ಕೆ ಒಟ್ಟು ಎಷ್ಟು ಜಿಡ್ಡು ಎಂಬುದು ಮುಖ್ಯ, ಅದನ್ನು ಅವರ ವೈದ್ಯರೇ ಹೇಳಬೇಕು. ಎ2 ಎಂಬುದು ಬೀಟಾ ಕೇಸಿನ್ ಎಂಬ ಪ್ರೋಟೀನಿನ ಒಂದು ಬಗೆಯ ಹೆಸರು, ಅದಕ್ಕೂ ಮೇವಿಗೂ ಸಂಬಂಧವಿಲ್ಲ. ತುಪ್ಪವೆಂದರೆ ಪ್ರೋಟೀನನ್ನು ಗಸಿಯಲ್ಲಿ ಬಿಟ್ಟು ಸೋಸಿಕೊಂಡ ಜಿಡ್ಡು. ಇಲ್ಲದ ಪ್ರೋಟೀನಿಗೆ ಬೆಲೆ ತೆರುವುದು ನನಗಂತೂ ಸರಿಕಾಣದು. 2024ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎ1, ಎ2 ಎಂಬ ಬರಹಗಳನ್ನು ತೆಗೆಯುವಂತೆ ಹೇಳಿ, ಕೆಲವೇ ದಿನಗಳಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಹೀಗಾಗಿ ಡಬ್ಬಿಯ ಮೇಲೆ ಆ ಬರಹ ಇನ್ನೂ ಉಳಿದಿದೆ.

ಪ್ರಶ್ನೆ: ಕೆನಡಾದಲ್ಲಿ ನೆಲೆಸಿರುವ ಕನ್ನಡಿಗ ನಾನು. ಕೆಲವು ವರ್ಷಗಳ ಹಿಂದೆ ಇಲ್ಲಿನ ಬೆಣ್ಣೆ ಹೊರಗಿಟ್ಟರೂ ಮೆತ್ತಗಾಗುತ್ತಿಲ್ಲವೆಂದು ದೊಡ್ಡ ಗದ್ದಲವಾಗಿತ್ತು. ಹಸುಗಳಿಗೆ ತಾಳೆ ಎಣ್ಣೆ ತಿನ್ನಿಸುವುದೇ ಕಾರಣ ಎಂದರು. ಊರಿನಲ್ಲಿ ಅಣ್ಣ ಕೂಡ ‘ಬೈಪಾಸ್ ಫ್ಯಾಟ್’ ಎಂಬ ಪುಡಿಯನ್ನು ಹಸುವಿಗೆ ಕೊಡುತ್ತಿದ್ದಾನೆ. ಎರಡೂ ಒಂದೆಯೇ?
— ಓದುಗರೊಬ್ಬರು, ಟೊರಾಂಟೊ

ಉತ್ತರ: ಎರಡೂ ಒಂದೇ ಕುಟುಂಬದವು. ನೀವು ಹೇಳುವ ಗದ್ದಲ 2021ರ ಫೆಬ್ರವರಿಯದು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೇಕು-ಬ್ರೆಡ್ಡು ಬೇಯಿಸುವವರು ಹೆಚ್ಚಿ ಬೆಣ್ಣೆಗೆ ಬೇಡಿಕೆ ಏರಿತ್ತು, ಅಲ್ಲಿನ ಹೈನುಗಾರರು ಎಷ್ಟು ಪೂರೈಸಬಹುದೆಂಬ ಕೋಟಾವೂ ಅವರಿಗೆ ಸಿಗುವ ಹಣವೂ ಹಾಲಿನ ಜಿಡ್ಡಿನ ಲೆಕ್ಕದ ಮೇಲೆಯೇ. ತಾಳೆಯಿಂದ ತೆಗೆದ ಪಾಮಿಟಿಕ್ ಆಮ್ಲವನ್ನು ಮೇವಿನಲ್ಲಿ ಸೇರಿಸಿದರೆ ಜಿಡ್ಡು ಏರುತ್ತದೆ, ಏಕೆಂದರೆ ಅದು ಮೊದಲೇ ಸ್ಯಾಚುರೇಟೆಡ್ ಆಗಿರುವುದರಿಂದ ರೂಮೆನ್ನಿನ ಜೀವಿಗಳಿಗೆ ಅದರಲ್ಲಿ ಮಾಡುವ ಕೆಲಸವೇನೂ ಇಲ್ಲ, ತೌಡಿನ ಎಣ್ಣೆಯಂತೆ ಅಡ್ಡದಾರಿ ಹಿಡಿಯುವ ಭಯವೂ ಇಲ್ಲ. ನೇರವಾಗಿ ಕೆಚ್ಚಲಿಗೆ ಹೋಗುತ್ತದೆ. ಪಾಮಿಟಿಕ್ ಆಮ್ಲ ಕರಗುವುದು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಓಲಿಯಿಕ್ ಆಮ್ಲ 13ರ ಸುಮಾರಿನಲ್ಲಿ. ಜಿಡ್ಡಿನಲ್ಲಿ ಮೊದಲನೆಯದರ ಪಾಲು ಏರಿ ಎರಡನೆಯದರ ಪಾಲು ಇಳಿದರೆ ಬೆಣ್ಣೆ ಗಟ್ಟಿಯಾಗುತ್ತದೆ. ಆ ಚಳಿಗಾಲದ ಬೆಣ್ಣೆಯ ಗಡಸಿಗೆಲ್ಲ ತಾಳೆಯೊಂದನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಹಸಿರಿಲ್ಲದ ಚಳಿಗಾಲದ ಮೇವು, ಕೆನೆಯನ್ನು ತಣಿಸುವ ವಿಧಾನ, ಅಡುಗೆಮನೆಯ ಚಳಿ, ಇವೂ ಬೆಣ್ಣೆಯನ್ನು ಗಟ್ಟಿಗೊಳಿಸುತ್ತವೆ. ಆದರೂ ಅಲ್ಲಿನ ಹೈನುಗಾರರ ರಾಷ್ಟ್ರೀಯ ಸಂಘಟನೆ ತಾಳೆಯ ಪೂರಕಗಳಿಗೆ ಬದಲಿ ಹುಡುಕುವಂತೆ ತನ್ನ ಸದಸ್ಯರನ್ನು ಕೇಳಿಕೊಂಡಿತು.

ನಮ್ಮೂರಲ್ಲಿ ಬೈಪಾಸ್ ಫ್ಯಾಟ್ ಎಂದು ಸಿಗುವುದು ಹೆಚ್ಚಾಗಿ ತಾಳೆ ಎಣ್ಣೆಯ ಆಮ್ಲಗಳ ಕ್ಯಾಲ್ಸಿಯಂ ಲವಣ, ಒಂದು ಬಗೆಯ ಸಾಬೂನೇ. ರೂಮೆನ್ನಿನಲ್ಲಿ ಕರಗದೆ ದಾಟಿಹೋಗಿ ನಾಲ್ಕನೇ ಹೊಟ್ಟೆಯ ಆಮ್ಲದಲ್ಲಿ ಬಿಡಿಸಿಕೊಳ್ಳುತ್ತದೆ. ಅದರಲ್ಲಿ ಪಾಮಿಟಿಕ್ ಆಮ್ಲದ ಜೊತೆ ಓಲಿಯಿಕ್ ಆಮ್ಲವೂ ಸಾಕಷ್ಟಿರುವುದರಿಂದ ಬೆಣ್ಣೆಯ ಗಡಸು ಅಷ್ಟಾಗಿ ಕಾಣುವುದಿಲ್ಲ. ಅಲ್ಲದೆ ನಮ್ಮ 30 ಡಿಗ್ರಿಯ ಅಡುಗೆಮನೆಯಲ್ಲಿ ಬೆಣ್ಣೆ ಮೆತ್ತಗಾಗಲಿಲ್ಲವೆಂದು ದೂರುವವರು ವಿರಳ. ಹೊಸದಾಗಿ ಕರು ಹಾಕಿ 15–20 ಲೀಟರ್ ಕರೆಯುತ್ತ, ತಿಂದದ್ದು ಸಾಲದೆ ಮೈ ಇಳಿಯುತ್ತಿರುವ ಹಸುವಿಗೆ ಮೊದಲ ಮೂರು ತಿಂಗಳು ದಿನಕ್ಕೆ 100ರಿಂದ 200 ಗ್ರಾಂ ಕೊಟ್ಟರೆ ಹಾಲೂ ಉಳಿಯುತ್ತದೆ, ಹಸು ಮತ್ತೆ ಬೆದೆಗೆ ಬರುವುದೂ ಸುಲಭವಾಗುತ್ತದೆ. ಎಂಟು ಲೀಟರ್ ಕೊಡುವ, ಆರು ತಿಂಗಳ ಗಬ್ಬದ ಹಸುವಿಗೆ ಅಣ್ಣ ಇದನ್ನು ಕೊಡುತ್ತಿದ್ದರೆ ಆ ದುಡ್ಡಿನಲ್ಲಿ ಒಂದು ಗಾಡಿ ಹುಲ್ಲು ತರಿಸಲು ಹೇಳಿ.